ಯುವ ವೇದಿಕೆ: ಪಾಲುದಾರಿಕೆಗೆ ಮಾತೂ ಇರಲಿ, ಪತ್ರವೂ ಇರಲಿ



ಮುಂಬಯಿಯಲ್ಲಿ ಕನ್ನಡಿಗರು ನೆಲೆನಿಂತದ್ದರಲ್ಲಿ ಹೋಟೆಲ್ ಉದ್ಯಮದ ಪಾಲು ದೊಡ್ಡದು. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಹೆಸರು ಕೇಳದವರು ನಮ್ಮಲ್ಲಿ ವಿರಳ. ಹಿರಿಯರ ಎಷ್ಟೋ ವ್ಯವಹಾರಗಳು ಬಾಯಿಮಾತಿನ ಮೇಲೆಯೇ ನಡೆದವು. ಊರಿನವನು, ನೆಂಟ ಎಂಬ ನಂಬಿಕೆಯೇ ಸಾಕಾಗುತ್ತಿತ್ತು. ಇಂದು ನಿಮ್ಮಲ್ಲಿ ಹಲವರು ಪದವಿ ಮುಗಿಸಿ ಕೇಟರಿಂಗ್, ಟ್ರಾವೆಲ್ಸ್, ಸಾಫ್ಟ್‌ವೇರ್ ಎಂದು ಸ್ವಂತ ದಾರಿ ಹಿಡಿಯುತ್ತಿದ್ದೀರಿ. ಸಂತೋಷ. ಗೆಳೆಯನೊಡನೆಯೋ ದೊಡ್ಡಪ್ಪನ ಮಗನೊಡನೆಯೋ ಸೇರಿ ಹಣ ಹಾಕುವ ಮೊದಲು ಮಾತ್ರ ಪಾಲುದಾರಿಕೆ ಪತ್ರವೊಂದನ್ನು ಬರೆದುಕೊಳ್ಳಿ.

"ನಮ್ಮ ನಮ್ಮೊಳಗೆ ಕಾಗದ ಯಾಕೆ?" ಎಂದು ಮನೆಯವರು ಕೇಳಬಹುದು. ಉತ್ತರ ಸರಳ. ನೀವು ಬರೆಯದೆ ಬಿಟ್ಟ ಜಾಗವನ್ನು 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ತಾನೇ ತುಂಬುತ್ತದೆ. ಅದು ತುಂಬುವ ರೀತಿ ನಿಮಗೆ ಒಪ್ಪಿಗೆಯಾಗದೆ ಇರಬಹುದು.

ಒಂದು ಉದಾಹರಣೆ ನೋಡೋಣ. ಇಬ್ಬರು ಸೇರಿ ಕೇಟರಿಂಗ್ ಶುರುಮಾಡುತ್ತಾರೆ. ಒಬ್ಬ 8 ಲಕ್ಷ ಹಾಕಿ ತನ್ನ ನೌಕರಿಯಲ್ಲೇ ಇರುತ್ತಾನೆ. ಇನ್ನೊಬ್ಬ 2 ಲಕ್ಷ ಹಾಕಿ ಬೆಳಿಗ್ಗೆ ಮಾರ್ಕೆಟಿನಿಂದ ಹಿಡಿದು ರಾತ್ರಿ ಗಲ್ಲಾ ಮುಚ್ಚುವವರೆಗೆ ದುಡಿಯುತ್ತಾನೆ. ಇಬ್ಬರ ನಡುವೆ ಯಾವ ಕರಾರೂ ಇಲ್ಲ. ವರ್ಷದ ಕೊನೆಗೆ 6 ಲಕ್ಷ ಲಾಭ ಬಂತು. ಕಾಯ್ದೆಯ 13ನೇ ಕಲಮಿನ ಪ್ರಕಾರ ಇಬ್ಬರಿಗೂ ಸಮಪಾಲು, ತಲಾ 3 ಲಕ್ಷ. ದುಡಿದವನು ಸಂಬಳ ಕೇಳುವಂತಿಲ್ಲ. ಹಣ ಹಾಕಿದವನು ಹೆಚ್ಚಿನ ಪಾಲು ಕೇಳುವಂತಿಲ್ಲ. ನಷ್ಟವಾದರೂ ಸಮಪಾಲೇ. ಬಂಡವಾಳದ ಮೇಲೆ ಸಂಸ್ಥೆಗೆ ಮುಂಗಡ ಕೊಟ್ಟಿದ್ದರೆ ಅದಕ್ಕೆ ವರ್ಷಕ್ಕೆ ಶೇಕಡಾ 6ರ ಬಡ್ಡಿ. ಇಬ್ಬರಿಗೂ ತನಗೇ ಅನ್ಯಾಯವಾಯಿತು ಎನಿಸುತ್ತದೆ. ಅಲ್ಲಿಂದ ಮದುವೆ-ಮುಂಜಿಗಳ ಆಮಂತ್ರಣ ನಿಲ್ಲುವವರೆಗೆ ದಾರಿ ಬಹಳ ದೂರವಿಲ್ಲ.

ಇನ್ನೊಂದು ವಿಷಯ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಒಬ್ಬ ಸಂಸ್ಥೆಯ ಹೆಸರಿನಲ್ಲಿ ಸಾಲ ಮಾಡಿದರೆ ಇನ್ನೊಬ್ಬನ ಸ್ವಂತ ಉಳಿತಾಯಕ್ಕೂ ಕುತ್ತು ಬರಬಹುದು. ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರ ತೀರಿಕೊಂಡಾಗ ಸಂಸ್ಥೆಯೇ ವಿಸರ್ಜನೆಯಾಗುತ್ತದೆ.

ಆದುದರಿಂದ ಪತ್ರದಲ್ಲಿ ಇಷ್ಟಾದರೂ ಇರಲಿ:

1. ಯಾರ ಬಂಡವಾಳ ಎಷ್ಟು, ಲಾಭ-ನಷ್ಟದ ಪಾಲು ಎಷ್ಟು.
2. ದುಡಿಯುವ ಪಾಲುದಾರನಿಗೆ ಸಂಬಳ ಎಷ್ಟು. ಆದಾಯ ತೆರಿಗೆಯ ಲೆಕ್ಕದಲ್ಲೂ ಪತ್ರದಲ್ಲಿ ಬರೆದ ಸಂಬಳಕ್ಕೆ ಮಾತ್ರ, ಅದೂ ಮಿತಿಯೊಳಗೆ, ಕಡಿತ ಸಿಗುತ್ತದೆ.
3. ಚೆಕ್ಕಿಗೆ ಯಾರ ಸಹಿ, ಸಾಲ ಮಾಡುವ ಮೊದಲು ಯಾರ ಒಪ್ಪಿಗೆ.
4. ಒಬ್ಬ ಹೊರಗೆ ಹೋಗುವುದಾದರೆ ಅಥವಾ ತೀರಿಕೊಂಡರೆ ಲೆಕ್ಕ ತೀರಿಸುವುದು ಹೇಗೆ.
5. ಜಗಳ ಬಂದರೆ ಮಧ್ಯಸ್ಥಿಕೆ ಯಾರದು.

ಪತ್ರ ಬರೆದು ಕಪಾಟಿನಲ್ಲಿ ಇಟ್ಟರೆ ಸಾಲದು. ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಕೇಂದ್ರ ಕಾಯ್ದೆಯಲ್ಲಿ ಇದು ಕಡ್ಡಾಯವಲ್ಲ. ಆದರೆ 69ನೇ ಕಲಮಿನ ಪ್ರಕಾರ ನೋಂದಣಿಯಾಗದ ಸಂಸ್ಥೆ ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಕರಾರಿನ ಆಧಾರದಲ್ಲಿ ದಾವೆ ಹೂಡುವಂತಿಲ್ಲ. ದುಡ್ಡು ಕೊಡಬೇಕಾದವನಿಗೆ ಇದು ತಿಳಿದಿದ್ದರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಹೊಣೆಗೆ ಮಿತಿ ಬೇಕು ಎನ್ನುವವರಿಗೆ 2008ರ ಕಾಯ್ದೆಯ ಎಲ್‌ಎಲ್‌ಪಿ ಇದೆ, ಪ್ರೈವೇಟ್ ಲಿಮಿಟೆಡ್ ಕಂಪನಿಯೂ ಇದೆ. ಕಂಪನಿಗೆ ಕನಿಷ್ಠ 1 ಲಕ್ಷ ಬಂಡವಾಳ ಇರಲೇಬೇಕು ಎಂಬ ನಿಯಮ 2015ರಲ್ಲಿ ಹೋಯಿತು. ಆದರೆ ಕಂಪನಿಗೆ ವರ್ಷ ವರ್ಷವೂ ಆಡಿಟ್, ರಿಟರ್ನ್‌ಗಳ ಖರ್ಚು ಇದ್ದೇ ಇದೆ. ದುಬೈಯಲ್ಲಿರುವ ಅಣ್ಣ ಹಣ ಹಾಕುವುದಾದರೆ ಗಮನಿಸಿ: ಅನಿವಾಸಿ ಭಾರತೀಯರು ಪಾಲುದಾರಿಕೆ ಸಂಸ್ಥೆಯಲ್ಲಿ ನಾನ್-ರಿಪ್ಯಾಟ್ರಿಯೇಬಲ್ ಆಧಾರದ ಮೇಲೆ ಹಣ ತೊಡಗಿಸಬಹುದು, ಬಂಡವಾಳವನ್ನು ಬೇಕೆಂದಾಗ ವಿದೇಶಕ್ಕೆ ಸಾಗಿಸುವ ಸ್ವಾತಂತ್ರ್ಯ ಅದರಲ್ಲಿಲ್ಲ. ಇದನ್ನು ಅವರಿಗೆ ಮೊದಲೇ ಹೇಳಿಬಿಡಿ.

ಮಹಾರಾಷ್ಟ್ರದಲ್ಲಿ ಶಾಪ್ ಆ್ಯಕ್ಟ್, ಆಹಾರದ ವ್ಯವಹಾರಕ್ಕೆ ಎಫ್‌ಎಸ್‌ಎಸ್‌ಎಐ, ವಹಿವಾಟು ಮಿತಿ ಮೀರಿದರೆ ಜಿಎಸ್‌ಟಿ, ಇವು ಮುಂದಿನ ಮೆಟ್ಟಿಲುಗಳು. 2020ರ ಜುಲೈಯಲ್ಲಿ ಬಂದ ಉದ್ಯಮ್ ನೋಂದಣಿಗೆ ಸರಕಾರಿ ಶುಲ್ಕವೇ ಇಲ್ಲ. ಏಜೆಂಟರು ಸಾವಿರಾರು ರೂಪಾಯಿ ಕೇಳಿದರೆ ಮೋಸಹೋಗಬೇಡಿ.

ನಮ್ಮ ಸಂಘದಲ್ಲಿ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ. ಸಂಕೋಚ ಬಿಟ್ಟು ಕೇಳಿ. ಪತ್ರದ ಕರಡನ್ನು ಇಬ್ಬರೂ ಒಟ್ಟಿಗೆ ಕೂತು ಓದಿ, ಅರ್ಥವಾಗದ್ದನ್ನು ಕೇಳಿ ತಿಳಿದು ಸಹಿ ಮಾಡಿ. ಹಣದ ಮಾತನ್ನು ಮೊದಲ ದಿನವೇ ಆಡಿ ಮುಗಿಸಿದರೆ ಸ್ನೇಹಕ್ಕೆ ಯಾವ ಧಕ್ಕೆಯೂ ಇಲ್ಲ. ನಿಮ್ಮ ಅಂಗಡಿಯ ಉದ್ಘಾಟನೆಗೆ ನಮ್ಮನ್ನು ಕರೆಯಲು ಮರೆಯದಿರಿ.