ಕಿವಿಯ ತಂತಿ, ಬಚ್ಚಲೊಲೆಯ ಬೂದಿ

ಮಲೆನಾಡಿನ ಯಾವುದೇ ಪೇಟೆಯ ಬಸ್ ನಿಲ್ದಾಣದ ಬಳಿ ನಿಂತರೂ ಮೊಬೈಲ್ ಅಂಗಡಿಗಳ ಮುಂದೆ ಬಣ್ಣಬಣ್ಣದ ಇಯರ್‌ಫೋನುಗಳು ಗೊಂಚಲು ಗೊಂಚಲಾಗಿ ತೂಗುತ್ತಿರುವುದು ಕಣ್ಣಿಗೆ ಬೀಳುತ್ತದೆ. ನೂರು, ನೂರೈವತ್ತು ರೂಪಾಯಿಗೆ ಸಿಗುವ ಈ ಸರಕು ಹಲವು ಬಾರಿ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಮೊದಲು ಒಂದು ಕಡೆಯ ಧ್ವನಿ ನಿಲ್ಲುತ್ತದೆ. ತಂತಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಕೆಲವು ದಿನ ಕೇಳಿಸುತ್ತದೆ. ಆಮೇಲೆ ಅದೂ ಇಲ್ಲ. ಹೊಸದೊಂದು ಮನೆಗೆ ಬರುತ್ತದೆ. ಹಳೆಯದು ಬಚ್ಚಲೊಲೆಗೋ ಗೊಬ್ಬರದ ಗುಂಡಿಗೋ ಹಳ್ಳದ ದಂಡೆಗೋ ಸೇರುತ್ತದೆ. ಇಷ್ಟು ಸಣ್ಣ ವಸ್ತುವಿನ ಬಗ್ಗೆ ಪರಿಸರ ಪತ್ರಿಕೆಯೊಂದು ಏಕೆ ತಲೆಕೆಡಿಸಿಕೊಳ್ಳಬೇಕೆಂದು ಯಾರಾದರೂ ಕೇಳಬಹುದು. ಅದು ಸಣ್ಣದಾಗಿರುವುದೇ ತೊಂದರೆಯ ಮೂಲ. ಟಿವಿ, ಫ್ರಿಜ್ಜು ಕೆಟ್ಟರೆ ಗುಜರಿಯವನು ಮನೆ ಬಾಗಿಲಿಗೆ ಬಂದು ಕಾಸು ಕೊಟ್ಟು ಒಯ್ಯುತ್ತಾನೆ. ಕೆಟ್ಟ ಇಯರ್‌ಫೋನನ್ನು ಕೇಳುವವರೇ ಇಲ್ಲ.

ಇದನ್ನು ಶೋಕಿಯ ವಸ್ತುವೆಂದು ತಳ್ಳಿಹಾಕುವ ಕಾಲವೂ ಕಳೆದಿದೆ. 2020ರಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆ ಹಿಡಿದು ಕುಳಿತು ಪಾಠ ಕೇಳಿದ್ದನ್ನು ನಾಡೇ ಕಂಡಿದೆ. ಸುರಿಯುವ ಮಳೆಯಲ್ಲಿ ಫೋನಿನ ಪುಟ್ಟ ಸ್ಪೀಕರು ಅವರಿಗೆ ಉಪಯೋಗಕ್ಕೆ ಬರಲಿಲ್ಲ. ಕಿವಿಯೊಳಗಿನ ತಂತಿಯೇ ತರಗತಿಯಾಗಿತ್ತು. ಇಂದಿಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಮನೆಯಿಂದಲೇ ಕಚೇರಿ ಕೆಲಸ ಮಾಡುವವರು, ದೂರದ ಮಕ್ಕಳೊಡನೆ ಮಾತನಾಡುವ ಹಿರಿಯರು ಇದನ್ನು ನೆಚ್ಚಿಕೊಂಡಿದ್ದಾರೆ. ಆದ್ದರಿಂದ ಬೇಕೋ ಬೇಡವೋ ಎಂಬುದು ಈಗಿನ ಪ್ರಶ್ನೆಯಲ್ಲ. ಕಡಿಮೆ ಹಣದಲ್ಲಿ, ಕಿವಿಗೆ ನೋವಾಗದಂತೆ, ಹಲವು ವರ್ಷ ಬಾಳುವುದನ್ನು ಆರಿಸಿಕೊಳ್ಳುವುದು ಹೇಗೆ ಎಂಬುದೇ ಪ್ರಶ್ನೆ.

ಮೊದಲು ಲೆಕ್ಕ. 150 ರೂಪಾಯಿಯ ಇಯರ್‌ಫೋನು ನಾಲ್ಕು ತಿಂಗಳು ಬಾಳುತ್ತದೆ ಎಂದಿಟ್ಟುಕೊಂಡರೆ, ಮೂರು ವರ್ಷಕ್ಕೆ ಒಂಬತ್ತು ಬೇಕು. ಖರ್ಚು 1,350 ರೂಪಾಯಿ. 900 ರೂಪಾಯಿ ಕೊಟ್ಟು, ತಂತಿ ಬದಲಿಸಬಹುದಾದ ಒಂದನ್ನು ತಂದು, ನಡುವೆ ಒಮ್ಮೆ 250 ರೂಪಾಯಿಯ ಹೊಸ ತಂತಿ ಹಾಕಿಸಿದರೆ ಅದೇ ಮೂರು ವರ್ಷಕ್ಕೆ 1,150 ರೂಪಾಯಿ. ಉಳಿತಾಯ ಇನ್ನೂರು ರೂಪಾಯಿ ಮಾತ್ರವೆನಿಸಬಹುದು. ಆದರೆ ಮೊದಲನೆಯ ಲೆಕ್ಕದ ಕೊನೆಯಲ್ಲಿ ಕೈಯಲ್ಲಿ ಉಳಿಯುವುದು ಒಂಬತ್ತು ಕಸದ ತುಂಡು. ಎರಡನೆಯದರಲ್ಲಿ ಒಂದು ಹಳೆಯ ತಂತಿ ಮತ್ತು ಇನ್ನೂ ಹಾಡುತ್ತಿರುವ ಇಯರ್‌ಫೋನು. ಅಗ್ಗವೆಂಬುದನ್ನು ಅಂಗಡಿಯ ಚೀಟಿಯಿಂದಲ್ಲ, ಬಾಳಿಕೆಯ ವರ್ಷದಿಂದ ಅಳೆಯಬೇಕು.

ಇಯರ್‌ಫೋನಿನಲ್ಲಿ ಧ್ವನಿ ಹೊರಡಿಸುವ ಭಾಗ ಕೆಡುವುದು ಅಪರೂಪ. ಕೆಡುವುದು ಬಹುಮಟ್ಟಿಗೆ ತಂತಿ. ಅದೂ ಮೂರು ಕಡೆಗಳಲ್ಲಿ: ಪಿನ್ನಿನ ಬುಡ, ತಂತಿ ಎರಡಾಗಿ ಕವಲೊಡೆಯುವ ಜಾಗ, ಕಿವಿಯ ಗುಂಡಿಗೆ ಸೇರುವ ತುದಿ. ಒಳಗಿರುವುದು ಕೂದಲೆಳೆಯಂತಹ ತಾಮ್ರದ ಎಳೆಗಳು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಡಿಚಿದಾಗ ಅವು ಒಂದೊಂದಾಗಿ ತುಂಡಾಗುತ್ತವೆ. ಆದ್ದರಿಂದ ಅಂಗಡಿಯಲ್ಲಿ ಈ ಮೂರು ಜಾಗಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಅಲ್ಲಿ ಮೆತ್ತಗೆ ಬಾಗುವ ಉದ್ದನೆಯ ರಬ್ಬರ್ ಕವಚವಿದ್ದರೆ ಒಳ್ಳೆಯದು. ತಂತಿ ನೇರವಾಗಿ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ನುಗ್ಗಿದ್ದರೆ ಅದನ್ನು ಅಲ್ಲೇ ಬಿಡುವುದು ಲೇಸು. ಜೇಬಿನಲ್ಲಿ ಫೋನಿಟ್ಟು ಓಡಾಡುವವರಿಗೆ ನೆಟ್ಟಗಿನ ಪಿನ್ನಿಗಿಂತ ಮೊಣಕೈಯಂತೆ ಬಾಗಿದ ಪಿನ್ನು ಹೆಚ್ಚು ಕಾಲ ಬರುತ್ತದೆ. ಹೊರಗೆ ಬಟ್ಟೆ ನೇಯ್ದಿರುವುದು ಚೆಂದಕ್ಕಷ್ಟೇ ಇರಬಹುದು. ಬುಡ ಗಟ್ಟಿಯಿಲ್ಲದಿದ್ದರೆ ಆ ನೇಯ್ಗೆ ತಂತಿಯನ್ನು ಉಳಿಸದು. ಕೊಂಡ ಮೇಲೆ ಅದನ್ನು ಫೋನಿಗೆ ಬಿಗಿಯಾಗಿ ಸುತ್ತದೆ ಸಡಿಲವಾಗಿ ಸುರುಳಿ ಮಾಡಿಟ್ಟರೆ, ತಂತಿ ಜಗ್ಗದೆ ಪಿನ್ನು ಹಿಡಿದು ಕಿತ್ತರೆ ಆಯುಸ್ಸು ಹೆಚ್ಚುತ್ತದೆ.

ಇನ್ನೂ ಒಳ್ಳೆಯ ದಾರಿಯೆಂದರೆ ಕಳಚಿ ಜೋಡಿಸಬಹುದಾದ ತಂತಿಯದು. ಸಂಗೀತಗಾರರು ವೇದಿಕೆಯಲ್ಲಿ ಬಳಸುವ ಇಯರ್‌ಫೋನುಗಳಲ್ಲಿದ್ದ ಈ ಅನುಕೂಲ ಈಗ ಸಾವಿರ ರೂಪಾಯಿಯ ಆಸುಪಾಸಿನವುಗಳಲ್ಲೂ ದೊರೆಯುತ್ತದೆ. ತಂತಿ ಹೋದರೆ ತಂತಿಯನ್ನಷ್ಟೇ ಬದಲಿಸಿದರಾಯಿತು. ತಲೆಯ ಮೇಲಿಡುವ ಹೆಡ್‌ಫೋನುಗಳಲ್ಲೂ ಇದೇ ನೀತಿ. 1984ರಲ್ಲಿ ಬಂದ ಕಾಸ್ ಪೋರ್ಟಾ ಪ್ರೋ ಮತ್ತು 1988ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 25 ಇಂದಿಗೂ ಬಳಕೆಯಲ್ಲಿವೆ. ಮೊದಲನೆಯದರ ಕಿವಿಯ ಸ್ಪಂಜನ್ನು ಮನೆಯಲ್ಲೇ ಬದಲಿಸಬಹುದು. ಎರಡನೆಯದನ್ನು ಬಿಡಿಬಿಡಿಯಾಗಿ ಕಳಚಿ ಬೇಕಾದ ಭಾಗವನ್ನಷ್ಟೇ ಹಾಕಬಹುದು. ಎಲ್ಲರೂ ಇವನ್ನೇ ಕೊಳ್ಳಬೇಕೆಂದಲ್ಲ, ಎರಡನೆಯದಂತೂ ದುಬಾರಿ. ಮನಸ್ಸು ಮಾಡಿದರೆ ಕಾರ್ಖಾನೆಗಳು ನಲವತ್ತು ವರ್ಷದ ಹಿಂದೆಯೇ ರಿಪೇರಿಯಾಗುವ ವಸ್ತುವನ್ನು ಮಾಡಬಲ್ಲವಾಗಿದ್ದವು ಎಂಬುದಕ್ಕೆ ಇವು ಸಾಕ್ಷಿ. ಫೋನಿಗೆ ಜೋಡಿಸುವ ಹೆಡ್‌ಫೋನು ಕೊಳ್ಳುವವರು ಪೆಟ್ಟಿಗೆಯ ಮೇಲೆ ಬರೆದಿರುವ ಇಂಪೀಡೆನ್ಸ್ 16ರಿಂದ 32 ಓಮ್‌ಗಳ ನಡುವೆ ಇದೆಯೇ ಎಂದೂ ನೋಡಬೇಕು. ಅದು ಬಹಳ ಹೆಚ್ಚಿದ್ದರೆ ಫೋನಿನ ಶಕ್ತಿ ಸಾಲದೆ ಧ್ವನಿ ಕ್ಷೀಣವಾಗುತ್ತದೆ.

ಇನ್ನು ತಂತಿಯೇ ಇಲ್ಲದವುಗಳ ಮಾತು. 2016ರ ಡಿಸೆಂಬರಿನಲ್ಲಿ ಆ್ಯಪಲ್ ಕಂಪನಿಯ ಏರ್‌ಪಾಡ್ ಮಾರುಕಟ್ಟೆಗೆ ಬಂದ ಮೇಲೆ ಎರಡು ಕಿವಿಗೆ ಎರಡು ಬಿಡಿ ಗುಂಡಿ ಎಂಬ ಮಾದರಿ ಜಗತ್ತನ್ನೆಲ್ಲ ಆವರಿಸಿತು. ಅದನ್ನು ಬಿಚ್ಚಿ ಪರೀಕ್ಷಿಸಿದ ಐಫಿಕ್ಸಿಟ್ ಸಂಸ್ಥೆ ರಿಪೇರಿಯ ಅನುಕೂಲಕ್ಕೆ ಹತ್ತರಲ್ಲಿ ಸೊನ್ನೆ ಅಂಕ ಕೊಟ್ಟಿತು. ಅಗ್ಗದ ಅನುಕರಣೆಗಳ ಸ್ಥಿತಿಯೂ ಬೇರೆಯಲ್ಲ. ಗುಂಡಿಗಳಲ್ಲಿ ಒಂದೊಂದು, ಡಬ್ಬಿಯಲ್ಲಿ ಒಂದು, ಒಟ್ಟು ಮೂರು ಲಿಥಿಯಂ ಬ್ಯಾಟರಿಗಳು ಅಂಟಿನೊಳಗೆ ಹುದುಗಿರುತ್ತವೆ. ಇಂತಹ ಬ್ಯಾಟರಿ ಮುನ್ನೂರರಿಂದ ಐನೂರು ಸಲ ಪೂರ್ಣ ಚಾರ್ಜ್ ಆಗುವಷ್ಟರಲ್ಲಿ ತನ್ನ ಕಸುವನ್ನು ಗಣನೀಯವಾಗಿ ಕಳೆದುಕೊಳ್ಳುತ್ತದೆ. ದಿನವೂ ಬಳಸಿದರೆ ಎರಡು ಮೂರು ವರ್ಷಕ್ಕೆ ಅದರ ಕಥೆ ಮುಗಿಯಿತು. ಎಷ್ಟೇ ಜೋಪಾನ ಮಾಡಿದರೂ ಬ್ಯಾಟರಿ ಬದಲಿಸುವ ದಾರಿಯಿಲ್ಲ. ತಂತಿರಹಿತವೇ ಅನಿವಾರ್ಯವೆನ್ನುವವರು, ಬ್ಯಾಟರಿ ಸತ್ತ ಮೇಲೂ ತಂತಿ ಚುಚ್ಚಿ ಕೇಳಬಹುದಾದ ತಲೆಪಟ್ಟಿಯ ಹೆಡ್‌ಫೋನನ್ನು ಆರಿಸುವುದು ವಿವೇಕ.

ಮಲೆನಾಡಿನ ಹವೆಗೆ ತನ್ನದೇ ಆದ ನಿಯಮವಿದೆ. ಬಯಲುಸೀಮೆಗೆ ಹೊಂದುವ ವಸ್ತು ಇಲ್ಲಿಗೆ ಹೊಂದಬೇಕೆಂದಿಲ್ಲ. ಹೆಡ್‌ಫೋನುಗಳ ಕಿವಿಯ ಮೆತ್ತೆಗೆ ಹೊದಿಸುವ ಕೃತಕ ಚರ್ಮದ ಮೇಲಿನ ಪಾಲಿಯುರಿಥೇನ್ ಪದರ ತೇವಾಂಶದ ಸಂಪರ್ಕದಲ್ಲಿ ರಾಸಾಯನಿಕವಾಗಿ ಒಡೆಯುತ್ತದೆ. ಅದು ಕಪ್ಪು ಹಕ್ಕಳೆಯಾಗಿ ಕಿವಿಗೂ ಕೆನ್ನೆಗೂ ಅಂಟುವುದನ್ನು ಬಳಸಿದವರು ಬಲ್ಲರು. ಬಟ್ಟೆಯ ಮೆತ್ತೆ ಬೂಷ್ಟು ಹಿಡಿದರೂ ತೊಳೆದು ಒಣಗಿಸಬಹುದು. ಕಳಚಿ ಬದಲಿಸಬಹುದಾದ ಮೆತ್ತೆಯಾದರೆ ಮತ್ತೂ ಒಳ್ಳೆಯದು. ಬೆವರು ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪುಡಿಕೆಯೊಡನೆ ಇಟ್ಟರೆ ಆಷಾಢವನ್ನೂ ಕಳೆಯಬಹುದು. ಒಲೆಯ ಮೇಲಿನ ಅಟ್ಟ ಅಡಿಕೆಗೆ ಸರಿ, ಪ್ಲಾಸ್ಟಿಕ್ಕಿಗೆ ಸಲ್ಲದು.

ಹಿತವೆಂಬುದು ಸುಖದ ಮಾತಷ್ಟೇ ಅಲ್ಲ, ಕಿವಿಯ ರಕ್ಷಣೆಯ ಮಾತೂ ಹೌದು. ಕಿವಿಯ ರಂಧ್ರ ಎಲ್ಲರಿಗೂ ಒಂದೇ ಅಳತೆಯದಲ್ಲ. ಎಷ್ಟೋ ಸಲ ಒಬ್ಬರದೇ ಎರಡು ಕಿವಿಗಳಲ್ಲೂ ವ್ಯತ್ಯಾಸವಿರುತ್ತದೆ. ಆದ್ದರಿಂದ ಸಣ್ಣ, ಮಧ್ಯಮ, ದೊಡ್ಡ ಅಳತೆಯ ಮೂರು ಜೊತೆ ಸಿಲಿಕೋನ್ ತುದಿಗಳು ಪೆಟ್ಟಿಗೆಯಲ್ಲಿ ಇರಲೇಬೇಕು. ತುದಿ ಸರಿಯಾಗಿ ಕೂತರೆ ಹೊರಗಿನ ಗದ್ದಲ ತಗ್ಗಿ, ಕಡಿಮೆ ಧ್ವನಿಯಲ್ಲೇ ಪಾಠ ಸ್ಪಷ್ಟವಾಗುತ್ತದೆ. ಸಡಿಲವಾಗಿದ್ದರೆ ಬಸ್ಸಿನ ಸದ್ದನ್ನು ಮೀರಿಸಲು ಧ್ವನಿ ಏರಿಸುತ್ತಲೇ ಹೋಗಬೇಕಾಗುತ್ತದೆ. ವಾರಕ್ಕೆ 80 ಡೆಸಿಬೆಲ್ ಮಟ್ಟದಲ್ಲಿ 40 ಗಂಟೆ ಸುರಕ್ಷಿತ, 90 ಡೆಸಿಬೆಲ್ ಆದರೆ ಕೇವಲ 4 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಯುವಜನರು ಅತಿ ಧ್ವನಿಯಿಂದಾಗಿ ಶ್ರವಣಶಕ್ತಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆಂದು ಅದೇ ಸಂಸ್ಥೆ 2022ರಲ್ಲಿ ಎಚ್ಚರಿಸಿದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕಿವಿ ಮುಚ್ಚಿಟ್ಟರೆ ಒಳಗಿನ ತೇವ ಆರದೆ ಶಿಲೀಂಧ್ರದ ಸೋಂಕಿಗೂ ಎಡೆಯಾಗುತ್ತದೆ. ತುದಿಗಳನ್ನು ಕಳಚಿ ತೊಳೆದು ಒಣಗಿಸುವುದು, ಒಬ್ಬರದನ್ನು ಇನ್ನೊಬ್ಬರು ಬಳಸದಿರುವುದು ಸಣ್ಣ ಶಿಸ್ತು, ದೊಡ್ಡ ಲಾಭ.

ತೋಟದ ಕೆಲಸಗಾರರಿಗೆ ಮತ್ತೊಂದು ಅಪಾಯವಿದೆ. ಪೆಟ್ರೋಲಿನ ಕಳೆ ಕೊಚ್ಚುವ ಯಂತ್ರದ ಸದ್ದು ಅದನ್ನು ಹಿಡಿದವರ ಕಿವಿಯ ಬಳಿ 90 ಡೆಸಿಬೆಲ್ ಮೀರುತ್ತದೆ. ಆ ಸದ್ದಿನ ಮೇಲೆ ಹಾಡು ಕೇಳಲು ಇಯರ್‌ಫೋನಿನ ಧ್ವನಿ ಏರಿಸುವುದು ಗಾಯದ ಮೇಲೆ ಬರೆ ಎಳೆದಂತೆ. ಅಲ್ಲಿ ಬೇಕಾದದ್ದು ಹಾಡಲ್ಲ, ಸದ್ದು ತಡೆಯುವ ಕಿವಿಗವಸು. ಅದನ್ನು ಕೊಡಿಸುವುದು ತೋಟದ ಮಾಲೀಕರ ಹೊಣೆ. ಹಾಗೆಯೇ ಕೊಡಗು, ಸಕಲೇಶಪುರಗಳ ಕಾಫಿ ತೋಟದ ದಾರಿಗಳಲ್ಲಿ, ಘಾಟಿ ರಸ್ತೆಯ ತಿರುವುಗಳಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಡೆಯುವುದು ಸಲ್ಲದು. ಆನೆ ಬಿದಿರು ಮುರಿಯುವ ಸದ್ದನ್ನು ಕೇಳಿಸಿಕೊಳ್ಳಬೇಕಾದ ಕಿವಿಗಳವು.

ತಂತಿಯ ಇಯರ್‌ಫೋನಿಗೆ ಇನ್ನೊಂದು ಗುಣವಿದೆ. ಎಫ್‌ಎಂ ಸೌಲಭ್ಯವಿರುವ ಫೋನಿನಲ್ಲಿ ಸಾಮಾನ್ಯವಾಗಿ ಆ ತಂತಿಯೇ ಆಂಟೆನಾ. ಮಳೆಗಾಲದಲ್ಲಿ ವಿದ್ಯುತ್ತು, ಮೊಬೈಲ್ ಗೋಪುರ ಎರಡೂ ಕೈಕೊಟ್ಟಾಗ ಮಡಿಕೇರಿ ಆಕಾಶವಾಣಿಯಂತಹ ಎಫ್‌ಎಂ ಕೇಂದ್ರಗಳ ಸುದ್ದಿ ತಲುಪಲು ಅದೊಂದು ದಾರಿ. ವಿಪತ್ತಿನ ಸಮಯದ ಈ ಉಪಯೋಗವನ್ನು ಗಮನಿಸಿಯೇ ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಫೋನುಗಳ ಎಫ್‌ಎಂ ಸೌಲಭ್ಯವನ್ನು ಮುಚ್ಚಬಾರದೆಂದು ತಯಾರಕರಿಗೆ ಸಲಹೆ ನೀಡಿತು.

ಕೊನೆಗೆ, ಬಚ್ಚಲೊಲೆಯ ವಿಚಾರ. ತಂತಿಯ ಹೊದಿಕೆ ಬಹುಪಾಲು ಪಿವಿಸಿ. ಅದನ್ನು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ, ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತದೆ. ಒಳಗಿನ ತಾಮ್ರ ಅದರ ಹುಟ್ಟಿಗೆ ಇಂಬು ಕೊಡುತ್ತದೆ. ಹೊಗೆ ಸ್ನಾನದ ನೀರು ಕಾಯಿಸುವ ಹೆಂಗಸರ ಉಸಿರಿಗೆ ಹೋಗುತ್ತದೆ. ಬೂದಿ ಗೊಬ್ಬರದ ಗುಂಡಿಗೆ, ಅಲ್ಲಿಂದ ತೋಟಕ್ಕೆ ಹೋಗುತ್ತದೆ. ಡಯಾಕ್ಸಿನ್ ಮಣ್ಣಿನಲ್ಲಿ ಬೇಗ ಕರಗುವ ವಸ್ತುವಲ್ಲ. ಇನ್ನು ಲಿಥಿಯಂ ಬ್ಯಾಟರಿಯ ಗುಂಡಿ ಒಲೆಗೆ ಬಿದ್ದರೆ ಸಿಡಿಯುತ್ತದೆ. ಪಂಚಾಯಿತಿಯ ಕಸದ ರಾಶಿಯಲ್ಲಿ ಜಜ್ಜಿದರೆ ಬೆಂಕಿ ಹೊತ್ತುತ್ತದೆ. ಆ ರಾಶಿಯನ್ನು ಬರಿಗೈಯಲ್ಲಿ ಬೇರ್ಪಡಿಸುವವರು ಬಡ ಮಹಿಳೆಯರು.

ಈ ಪುಟ್ಟ ವಸ್ತುವಿನ ಹುಟ್ಟೂ ಯಾವುದೋ ಬೆಟ್ಟದ ಒಡಲಿನಿಂದಲೇ. ಅಯಸ್ಕಾಂತದ ನಿಯೋಡಿಮಿಯಂ ಹೆಚ್ಚಾಗಿ ಚೀನಾದಿಂದ, ಬ್ಯಾಟರಿಯಲ್ಲಿ ಬಳಕೆಯಾಗುವ ಕೋಬಾಲ್ಟಿನ ಬಹುಪಾಲು ಆಫ್ರಿಕಾದ ಕಾಂಗೋದಿಂದ ಬರುತ್ತದೆ. ಭದ್ರೆಯ ನೀರು ಗಣಿಯ ಹೂಳಿನಿಂದ ಕೆಂಪಾಗಿದ್ದನ್ನು ಕಂಡವರಿಗೆ, ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಲ್ಲುವವರೆಗೆ ಹೋರಾಡಿದವರಿಗೆ, ಗಣಿಯ ನೆರೆಯೂರಿನ ಬದುಕು ಹೇಗಿರುತ್ತದೆಂದು ವಿವರಿಸಬೇಕಿಲ್ಲ. ತನ್ನ ಬೆಟ್ಟವನ್ನು ಉಳಿಸಿಕೊಂಡ ಜನರಿಗೆ ಇತರರ ಬೆಟ್ಟದ ಬಗ್ಗೆಯೂ ಹೊಣೆಯಿದೆ.

ಆದರೆ ಹೊಣೆಯನ್ನೆಲ್ಲ ಕೊಳ್ಳುವವರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನಂತೆ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಸಣ್ಣ ಉಪಕರಣಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಳಕೆದಾರರೇ ಬದಲಿಸುವಂತಿರಬೇಕು. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲಿಟ್ಟಿವೆ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಪೋರ್ಟಲ್ ಒಂದನ್ನು ತೆರೆಯಿತು. ಕಾಗದದ ಮೇಲಿನ ಈ ಹೊಣೆ ಘಟ್ಟ ಹತ್ತಿ ಹಳ್ಳಿಗೆ ಬರಬೇಕು. 2022ರಲ್ಲಿ ಜಗತ್ತು ಹೊರಹಾಕಿದ 620 ಲಕ್ಷ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಮರುಬಳಕೆಯಾದದ್ದಕ್ಕೆ ದಾಖಲೆಯಿರುವುದು ಶೇಕಡ 22.3ಕ್ಕೆ ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಮಲೆನಾಡಿನ ಬಚ್ಚಲೊಲೆಗಳ ಪಾಲೂ ಇದೆ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಅಡಿಕೆ ಬೆಳೆಗಾರರ ಸಹಕಾರ ಸಂಘಗಳಲ್ಲಿ, ಶಾಲೆಗಳಲ್ಲಿ, ಪಂಚಾಯಿತಿಯ ಸ್ವಚ್ಛ ಸಂಕೀರ್ಣಗಳಲ್ಲಿ ಸಣ್ಣ ಇ-ತ್ಯಾಜ್ಯಕ್ಕೆಂದೇ ಒಂದು ಮುಚ್ಚಳದ ಡಬ್ಬಿ ಇಡಬೇಕು. ಬ್ಯಾಟರಿಯಿರುವುದನ್ನು ಬೇರೆಯಾಗಿಟ್ಟು, ವರ್ಷಕ್ಕೆರಡು ಬಾರಿ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ಪೇಟೆಯ ಮೂಲೆಯಲ್ಲಿ ಇನ್ನೂ ಉಳಿದಿರುವ ರೇಡಿಯೋ ರಿಪೇರಿಯವರ ಬಳಿಗೆ ಮಕ್ಕಳನ್ನು ಕರೆದೊಯ್ದು, ಎಳೆಗಳ ಮೇಲಿನ ಲೇಪವನ್ನು ಸುಟ್ಟು ತೆಗೆದು ಹೊಸ ಪಿನ್ನಿಗೆ ಬೆಸುಗೆ ಹಾಕುವುದನ್ನು ಕಲಿಸಬೇಕು. ಪಿನ್ನಿನ ಬೆಲೆ ಹತ್ತಾರು ರೂಪಾಯಿ, ಕಲಿತ ವಿದ್ಯೆ ಜೀವಮಾನದ್ದು. ಇನ್ನು ಅಂಗಡಿಗೆ ಹೋದಾಗ ‘ಎಷ್ಟು ಬೆಲೆ’ ಎಂದು ಕೇಳುವ ಮೊದಲು ‘ತಂತಿ ಹೋದರೆ ಬೇರೆ ಹಾಕಲು ಬರುತ್ತದೆಯೇ’ ಎಂದು ಕೇಳಬೇಕು. ನಾಲ್ಕು ಜನ ಕೇಳಿದರೆ ಅಂಗಡಿಯವನು ನಗಬಹುದು. ನಾನೂರು ಜನ ಕೇಳಿದರೆ ಅವನು ಅಂತಹದ್ದನ್ನೇ ತರಿಸುತ್ತಾನೆ.