ನೀರು ಕುಡಿಯಲೂ ಧೈರ್ಯ ಬೇಕೆ?

ಶಿಕ್ಷಕಿಯಾಗಿ ದುಡಿದ ವರ್ಷಗಳಲ್ಲಿ ನಾನು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಶಾಲೆಯ ಕೊಳಕು ಶೌಚಾಲಯವನ್ನು ತಪ್ಪಿಸಲು ನನಗೆ ತಿಳಿದಿದ್ದ ಉಪಾಯ ಅದೊಂದೇ. ಅದಕ್ಕೆ ತೆತ್ತ ಬೆಲೆ ಉರಿಮೂತ್ರ, ಜ್ವರ, ಮತ್ತೆ ಮತ್ತೆ ಆಂಟಿಬಯಾಟಿಕ್.

ಮಹಿಳೆಯರಲ್ಲಿ ಮೂತ್ರ ಹೊರಹೋಗುವ ನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ. ಕರುಳಿನ ಇ-ಕೋಲಿ ಬ್ಯಾಕ್ಟೀರಿಯಾ ಮೂತ್ರಕೋಶ ತಲುಪುವುದು ಸುಲಭ. ಪದೇ ಪದೇ ಸೋಂಕಿಗೆ ತುತ್ತಾಗುತ್ತಿದ್ದ, ಕಡಿಮೆ ನೀರು ಕುಡಿಯುತ್ತಿದ್ದ 140 ಮಹಿಳೆಯರ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿದವರಿಗೆ ಉಳಿದವರಿಗಿಂತ ಸೋಂಕು ಹೆಚ್ಚುಕಡಿಮೆ ಅರ್ಧದಷ್ಟು ಕಡಿಮೆಯಿತ್ತು.

ಆದರೆ ವೈದ್ಯರ ಈ ಸಲಹೆ ಸಾರ್ಥಕವಾಗುವುದು ಶುಚಿಯಾದ, ಚಿಲಕವಿರುವ ಶೌಚಾಲಯವಿದ್ದಾಗ ಮಾತ್ರ. ಅದನ್ನು ಒದಗಿಸುವುದು ಉಪಕಾರವಲ್ಲ. ರೋಗ ತಡೆಯುವ ಮೊದಲ ಮದ್ದು.