ರೊಕ್ಕ ಮುಗಿದ ಮೇಲೆ ಮಗುವಿನ ಊಟ

ಕೃಷ್ಣಾ-ತುಂಗಭದ್ರೆಯರ ನಡುವಿನ ಈ ನಡಿಗಡ್ಡದಲ್ಲಿ ಧರೂರಿನ ಮಗಳನ್ನು ರಾಯಚೂರು ಸೀಮೆಗೆ ಕೊಡುವುದು, ಅಲ್ಲಿಯವಳನ್ನು ಇಲ್ಲಿಗೆ ತರುವುದು ಹಳೇ ಬಳಕೆ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಇದಕ್ಕೆ ಯಾರೂ ಗಡಿ ನೋಡುವುದಿಲ್ಲ. ಬಾಣಂತಿಗೆ ಬರುವ ಸರ್ಕಾರಿ ರೊಕ್ಕ ಮಾತ್ರ ನೋಡುತ್ತದೆ.

2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಗೆ ಕನಿಷ್ಠ 6,000 ರೂಪಾಯಿ ಎಂದಿತು. 2017ರಲ್ಲಿ ಬಂದ ಕೇಂದ್ರದ ಮಾತೃವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ 5,000ಕ್ಕೆ ಇಳಿಸಿತು. 2022ರಿಂದ ಎರಡನೆಯದು ಹೆಣ್ಣಾದರೆ 6,000 ಸೇರಿತು. ಕರ್ನಾಟಕ ಇದನ್ನು ಹಿಡಿಯಿತು. ತೆಲಂಗಾಣ ಅದೇ 2017ರಲ್ಲಿ ತನ್ನದೇ ಕೆ.ಸಿ.ಆರ್. ಕಿಟ್ ತಂದು ಗಂಡಿಗೆ 12,000, ಹೆಣ್ಣಿಗೆ 13,000 ಎಂದಿತು. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ತೆಲಂಗಾಣದ ತಾಯಿಗೆ. ನಮ್ಮ ನೆಂಟರ ಪೈಕಿ ಒಬ್ಬ ಸೊಸೆಯ ತಾಯಿ ಕಾರ್ಡು ಗಂಡನ ಮನೆಯದು, ಚುಚ್ಚುಮದ್ದು ತವರಿನದು. "ಎಲ್ಲಿ ಕೇಳಿದರೂ ಆ ಕಡೆ ಕೇಳಮ್ಮಾ ಅಂತಾರ್ರೀ ಮಾವಾ" ಎಂದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಷರತ್ತೇ ಬೇಡ ಎಂದು ನಾನು ಹೇಳುವುದಿಲ್ಲ. ತಪಾಸಣೆ, ಲಸಿಕೆ ಮಗುವಿಗಾಗಿ ಇರುವ ಷರತ್ತು. ಮೆಕ್ಸಿಕೋ 1997ರಲ್ಲಿ ಇಂಥವೇ ಷರತ್ತಿಟ್ಟು ತಾಯಂದಿರ ಕೈಗೆ ಹಣ ಕೊಟ್ಟಿತು. ಆದರೆ ವಿಳಾಸದ ಷರತ್ತು ಕಚೇರಿಯ ಅನುಕೂಲಕ್ಕೆ ಇರುವಂಥದ್ದು.

ಇನ್ನೊಂದು ಲೆಕ್ಕ ನೋಡಿ. ಮೊದಲ ಮಗುವಿಗೆ ಈಗ ಎರಡು ಕಂತು. ಬಸಿರು ನೋಂದಾಯಿಸಿ ತಪಾಸಣೆ ಆದಾಗ 3,000. ಮಗುವಿಗೆ ಹದಿನಾಲ್ಕು ವಾರದ ಲಸಿಕೆ ಆದ ಮೇಲೆ 2,000. ಅಲ್ಲಿಗೆ ಮುಗಿಯಿತು. ಮಗು ಮೊದಲ ತುತ್ತು ತಿನ್ನುವುದು ಆರು ತಿಂಗಳಿಗೆ! ಬೇಳೆ, ಹಾಲು, ತತ್ತಿ ಬೇಕಾಗುವುದು ಆಗಲೇ. ಆರು ತಿಂಗಳಿಂದ ಎರಡು ವರ್ಷದೊಳಗೆ ಸೊರಗಿದ ಮಗು ಮುಂದೆ ಚೇತರಿಸುವುದು ಕಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು ಕರ್ನಾಟಕದಲ್ಲಿ ನೂರಕ್ಕೆ 35, ತೆಲಂಗಾಣದಲ್ಲಿ 33. ಇದರಲ್ಲಿ ಎರಡೂ ಸರ್ಕಾರಗಳು ಸರಿಜೋಡಿ.

"ರೊಕ್ಕ ಕೊಟ್ರೆ ಗಂಡ ಕುಡೀತಾನ" ಎನ್ನುವವರಿದ್ದಾರೆ. ಹಣ ಹೋಗುವುದು ತಾಯಿಯ ಖಾತೆಗೆ. ಅದು ಕೂಡಲೇ ಉದ್ರಿ ಬಾಕಿಗೆ ಮುರಿದುಕೊಳ್ಳುವುದಾದರೆ ಅದರಲ್ಲಿ ನಮ್ಮ ಅಂಗಡಿಕಾರರ ಪಾಲೂ ಇದೆ. ಅಂಗನವಾಡಿಯಲ್ಲಿ ಬಿಸಿಯೂಟ ಇದೆ, ನಿಜ. ತೆಲಂಗಾಣದಲ್ಲಿ 2015ರಿಂದ ಆರೋಗ್ಯಲಕ್ಷ್ಮಿ, ಕರ್ನಾಟಕದಲ್ಲಿ 2017ರಿಂದ ಮಾತೃಪೂರ್ಣ. ಆದರೆ ಹತ್ತಿ ಬೀಜದ ಹೊಲದಲ್ಲಿ ಬೆಳಿಗ್ಗೆ ಕ್ರಾಸಿಂಗ್, ಮಧ್ಯಾಹ್ನ ಮೊಗ್ಗು ಬಿಡಿಸುವ ಕೆಲಸ. ಕೂಲಿ ಬಿಟ್ಟು ಆಕೆ ಊಟಕ್ಕೆ ಹೇಗೆ ಬಂದಾಳು?

ಎರಡೂ ಸರ್ಕಾರಗಳಿಗೆ ನಮ್ಮ ಬೇಡಿಕೆ ಇಷ್ಟೇ. ತಾಯಿ ಎಲ್ಲಿದ್ದರೂ ಅವಳ ಕಾರ್ಡು ನಡೆಯಲಿ. ಕಂತು ಮಗುವಿಗೆ ಎರಡು ವರ್ಷ ತುಂಬುವವರೆಗೆ ಬರಲಿ. ಬೀಜದ ರೈತರಲ್ಲೂ ಒಂದು ಮಾತು: ತಪಾಸಣೆಯ ದಿನದ ಕೂಲಿ ಕಡಿಯಬೇಡಿ. ಬೀಜಕ್ಕೆ ಮೊಳಕೆಯಲ್ಲೇ ನೀರು ಬೇಕೆಂಬುದು ನಿಮಗೆ ಹೇಳಿಕೊಡಬೇಕೇ?